ಅಷ್ಟಮಿಯ ನೀರು

ಸಿಂದಗಿ
೩ ನವೆಂಬರ್ ೨೦೨೫

ರೇಣಿ,

ಕಾಗದ ನೋಡಿ ಗಾಬರಿಯಾಗಬೇಡ, ಇಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ. ಫೋನಿನಲ್ಲಿ ನಾನು ಒಂದು ಮಾತಾಡುವಷ್ಟರಲ್ಲಿ ನೀನು ಹತ್ತು ಆಡಿ, "ಡ್ಯೂಟಿ ಐತಿ, ಇಡ್ತೇನಿ" ಎಂದು ಇಟ್ಟೇಬಿಡುತ್ತೀ. ಕಾಗದಕ್ಕೆ ಆ ಚಾಳಿ ಇಲ್ಲ. ಬಸವನ ಬಾಗೇವಾಡಿಯ ಹಾಸ್ಟೆಲಿನಿಂದ ರಜೆಗೆ ಊರಿಗೆ ಹೋದಾಗಲೆಲ್ಲ ಬರೆದುಕೊಳ್ಳುತ್ತಿದ್ದೆವಲ್ಲ, ಹಾಗೇ ಅಂದುಕೋ.

ಸುದ್ದಿ ಏನೆಂದರೆ, ನಾವು ಬರುತ್ತೇವೆ. "ಕುಮಟಾಕ್ಕ ಬಾ, ಸೈಕಲ್ ಹೊಡಿಯೂಣು, ದೋಣಿ ನಡಸೂಣು" ಎಂದು ನೀನು ಎಷ್ಟು ವರ್ಷದಿಂದ ಕರೆಯುತ್ತಿದ್ದೀಯೋ, ಅಷ್ಟು ವರ್ಷದಿಂದ ನಾನು "ಬರ್ತೇನಿ" ಅನ್ನುತ್ತಿದ್ದೇನೆ. ಈ ಸಲ ನಿಜ. ಒಟ್ಟು ಮೂವರು. ನಾನು, ಮುದ್ದೇಬಿಹಾಳದಿಂದ ನನ್ನ ತಂಗಿ ಮುಬಿನ, ಮೂರನೆಯವರು ನಮ್ಮ ಕಾಲುವೆ ಆಫೀಸಿಗೆ ಹೊಲದ ನೀರಿನ ಪಾಳಿ ಕೇಳಲು ಬರುವ ಒಬ್ಬ ಹಿರಿಯರು. ಎಲ್ಲಿಗೆ ಹೋದರೂ ಸೈಕಲ್ಲೇ. ನಮ್ಮಿಬ್ಬರಿಗಿಂತ ಅವರ ಕಾಲೇ ಗಟ್ಟಿ. ದೋಣಿ ಮಾತ್ರ ಮೂವರಿಗೂ ಹೊಸದು.

ಮೊನ್ನೆ ನೀನು ನೀರಿನ ವೇಳೆಯ ಫೋಟೋ ಕಳಿಸಿದ್ದೆಯಲ್ಲ, ಅದರಲ್ಲಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಉಬ್ಬರ ಎಂದಿದೆ. ಅಂದರೆ ನಿಮ್ಮ ಹೊಳೆಯ ಪಾಳಿ ಶನಿವಾರ ಬೆಳಿಗ್ಗೆ. ಅನುಕೂಲವಾಯಿತು. ಡಿಸೆಂಬರಿನ ಯಾವುದಾದರೊಂದು ಶನಿವಾರ ಒಂಬತ್ತಕ್ಕೆ ನೀರಿಗೆ ಇಳಿಯೋಣ. ಗೇಟಿನವರಿಗೆ ಮೊದಲೇ ಒಂದು ಮಾತು ಹೇಳಿಡು. ನಮ್ಮ ಕಡೆ ಗೇಟಿನವನು ಮದುವೆಗೋ ಮುಂಜಿವೆಗೋ ಹೋದರೆ ಪಾಳಿ ಕೈತಪ್ಪಿದಂತೆಯೇ.

ನಿನ್ನ
ಅಬಿದಾ


ಕುಮಟಾ
೧೦ ನವೆಂಬರ್ ೨೦೨೫

ಅಬಿದಾ,

ನಿನ್ನ ಕಾಗದವನ್ನು ಊಟದ ಹೊತ್ತಿಗೆ ನಮ್ಮನೆಯವರಿಗೆ ಓದಿ ಹೇಳಿದೆ. "ಗೇಟಿನವರಿಗೆ ಹೇಳಿಡು" ಎನ್ನುವಲ್ಲಿ ಕಲ್ಮೇಶರಿಗೆ ಅನ್ನ ನೆತ್ತಿಗೇರಿತು. ನನಗೇನೂ ನಗು ಬರಲಿಲ್ಲ. ಇಷ್ಟು ವರ್ಷ ನೀರಿನ ಆಫೀಸಿನ ಸಂಬಳ ತಿಂದವಳು ನೀನು!

ಗೇಟು ಇಲ್ಲ ಮಾರಾಯ್ತಿ. ಅಘನಾಶಿನಿಗೆ ಅಣೆಕಟ್ಟೇ ಇಲ್ಲ, ಗೇಟು ಎಲ್ಲಿಂದ ತರಲಿ? ಸಮುದ್ರ ಏರಿದರೆ ಹೊಳೆ ಹಿಂದಕ್ಕೆ ಹರಿಯುತ್ತದೆ, ಇಳಿದರೆ ಮುಂದಕ್ಕೆ. ದಿನಕ್ಕೆ ಎರಡು ಸಲ ಏರು, ಎರಡು ಸಲ ಇಳಿತ. ಅದಕ್ಕೆ ಶನಿವಾರವೂ ಗೊತ್ತಿಲ್ಲ, ಭಾನುವಾರವೂ ಗೊತ್ತಿಲ್ಲ. ಇವತ್ತಿನ ವೇಳೆ ನಾಳೆಗಿಲ್ಲ, ದಿನವೂ ಮುಕ್ಕಾಲು ತಾಸಿನಷ್ಟು ಹಿಂದೆ ಬೀಳುತ್ತದೆ. ನಿನ್ನ ಒಂಬತ್ತು ಗಂಟೆಯನ್ನು ನಂಬಿ ಬಂದರೆ ಕೆಸರಿನಲ್ಲಿ ಕಯಾಕ್ ಎನ್ನುವ ಸಣ್ಣ ದೋಣಿ ಎಳೆಯುತ್ತ ಕೂತಿರಬೇಕಾಗುತ್ತದೆ.

ಸರಿಯಾಗಿ ಕೇಳಿಸಿಕೋ. ಈ ನೀರಿಗೆ ಯಜಮಾನ ಚಂದ್ರ. ಹುಣ್ಣಿಮೆಗೂ ಅಮಾವಾಸ್ಯೆಗೂ ಅದರ ಅಬ್ಬರ ಜಾಸ್ತಿ. ಎತ್ತರ ಏರುತ್ತದೆ, ಇಳಿಯುವಾಗ ಸಿಕ್ಕಿದ್ದನ್ನೆಲ್ಲ ಎಳೆದುಕೊಂಡು ಅಳಿವೆಯ ಕಡೆ, ಸಮುದ್ರದ ಬಾಯಿಗೆ ಓಡುತ್ತದೆ. ಅಷ್ಟಮಿಯ ಹಿಂದೆ ಮುಂದೆ ಮಾತ್ರ ಸಣ್ಣಗೆ ಏರಿ ಸಣ್ಣಗೆ ಇಳಿಯುತ್ತದೆ. ಹುಟ್ಟು ಹಿಡಿದು ಗೊತ್ತಿಲ್ಲದವರಿಗೆ ಅಷ್ಟಮಿಯ ನೀರೇ ಸೈ. ಹಾಗಾಗಿ ಡಿಸೆಂಬರ್ ಹನ್ನೆರಡಕ್ಕೆ ಅಲ್ಲಿಂದ ಹೊರಡಿ. ಅಂದು ಅಷ್ಟಮಿ, ಮರುದಿನ ಎರಡನೇ ಶನಿವಾರ. ಮಧ್ಯಾಹ್ನ ಏರುವ ನೀರಿನ ಜೊತೆಗೇ ಕೆಳಗಿನಿಂದ ಮಿರ್ಜಾನದ ಕಡೆಗೆ ಹೋಗೋಣ, ಹೊಳೆಯೇ ಅರ್ಧ ಕೆಲಸ ಮಾಡುತ್ತದೆ. ಅಲ್ಲಿ ಕಲ್ಮೇಶರು ಸೈಕಲ್ ಕಾಯುತ್ತ ಇರುತ್ತಾರೆ. ಸೈಕಲ್ ಹತ್ತಿ ಮನೆಗೆ ಬಂದು ಮೀನು ಸಾರು ಉಣ್ಣುವುದು.

ಈ ಊರಿಗೆ ಬಂದಾಗಿನಿಂದ ನಮ್ಮ ಕಡೆಯವರೆಂದು ನನ್ನ ಮನೆಯಲ್ಲಿ ಒಬ್ಬರೂ ಒಂದು ತುತ್ತು ಉಂಡಿಲ್ಲ. ಅದಕ್ಕೇ ಇಷ್ಟು ಬಡಿದುಕೊಳ್ಳುತ್ತಿದ್ದೇನೆ. ದಿನ ತಪ್ಪಿಸಬೇಡ.

ರೇಣುಕಾ


ಸಿಂದಗಿ
೧೭ ನವೆಂಬರ್ ೨೦೨೫

ರೇಣಿ,

ಬೈದದ್ದು ಮುಟ್ಟಿತು. ಚಂದ್ರನ ಲೆಕ್ಕ ನಮಗೂ ಗೊತ್ತು, ಆದರೆ ನಾವು ಅವನನ್ನು ಹುಡುಕುವುದು ಈದಿಗೆ. ಅವನು ಉಳಿದ ದಿನ ನಿಮ್ಮೂರಿನ ನೀರು ಎಳೆಯುವ ಕೆಲಸಕ್ಕೆ ಹೋಗುತ್ತಾನೆಂದು ಯಾರೂ ಹೇಳಿರಲಿಲ್ಲ.

ಒಂದು ತೊಡಕು. ನಮ್ಮ ಮೂರನೆಯವರು ಅಷ್ಟಮಿ ಎಂದ ಕೂಡಲೇ ಕುರ್ಚಿಯಿಂದ ಎದ್ದೇಬಿಟ್ಟರು. "ಬಾಯಾರ, ಅಷ್ಟಮಿ-ನವಮಿಗೆ ನಮ್ಮ ಮನ್ಯಾಗ ಕುರಿನೂ ಹಟ್ಟಿ ಬಿಡೂದಿಲ್ಲ, ನಾ ಬಿಡ್ತೇನೇನ್ರಿ? ಹೊಸ್ತಿಲ ಹುಣ್ಣಿವಿಗೆ ಹೋಗೂಣು. ಹೊಸ್ತಿಲಾ ಪೂಜಾ ಮಾಡಿ ದಾಟಿದ್ರ ಎಲ್ಲಾ ಚಲೋ ಆಗತೈತಿ" ಅಂದರು. ನೀರಿನ ಅಬ್ಬರದ ಮಾತು ಹೇಳಿದೆ. "ಹುಣ್ಣಿವಿ ದಿನಾ ನೀರ ಜಾಸ್ತಿ ಇದ್ರ ಚಲೋನ ಆತಲ್ರಿ, ದೋಣಿ ತಳಕ್ಕ ತಾಗೂದಿಲ್ಲ" ಅಂದರು.

ಡಿಸೆಂಬರ್ ನಾಲ್ಕು, ಗುರುವಾರ. ಮುಬಿನ ರಜೆ ಹಾಕುತ್ತಾಳಂತೆ. ಸ್ವಲ್ಪ ಹೊಂದಿಸಿಕೊಳ್ಳಲು ಆಗುತ್ತದೆಯೇ? ಬೆಳದಿಂಗಳೂ ಇರುತ್ತದೆ.

ಅಬಿದಾ


ಕುಮಟಾ
೨೪ ನವೆಂಬರ್ ೨೦೨೫

ಅಬಿದಾ,

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಗಾದೆಯನ್ನು ಇಷ್ಟು ದಿನ ಬರೀ ಗಾದೆ ಅಂದುಕೊಂಡಿದ್ದೆ. ನಿನ್ನ ಮೂರನೆಯವರು ನಿಜವಾಗಿಯೇ ನೀರಿಗೆ ಎಳೆಯಲು ಹೊರಟಿದ್ದಾರೆ. ಹುಣ್ಣಿಮೆಯ ಇಳಿತದಲ್ಲಿ ಸಿಕ್ಕರೆ ದೋಣಿ ತಳಕ್ಕೆ ತಾಗುವುದಿಲ್ಲ, ಖರೆ. ತಳವೇ ಸಿಗದ ಕಡೆಗೆ ಹೋಗಿರುತ್ತದೆ. ಕಯಾಕ್ ಬಾಡಿಗೆಗೆ ಕೊಡುವವರನ್ನು ಕೇಳಿದೆ. ಹೊಸಬರಿಗೆ ಹುಣ್ಣಿಮೆಯ ದಿನ ಕೊಡುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಅಲ್ಲಿಗೆ ಮುಗಿಯಿತು.

ಇನ್ನು ಅಷ್ಟಮಿಯ ಮಾತು. ಈ ರೋಗ ನನಗೆ ಹೊಸದಲ್ಲ. ನಿನಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ. ಬರೆಯದಿದ್ದರೆ ಹೊಟ್ಟೆಯ ಉರಿ ಆರುವುದಿಲ್ಲ. ನಾಲ್ಕು ವರ್ಷದ ಹಿಂದೆ ಕಲ್ಮೇಶರು ಕರೆಂಟ್ ಲೈನಿನ ಕೆಲಸದಲ್ಲಿ ಕಂಬದಿಂದ ಬಿದ್ದಾಗ ಮೊದಲು ಫೋನ್ ಮಾಡಿದ್ದು ನಮ್ಮ ಅಣ್ಣ ಮಾಳಿಂಗಪ್ಪನಿಗೆ. "ಇವತ್ತ ಅಷ್ಟಮಿ, ನಾಳಿಗೆ ನವಮಿ, ದಶಮಿಗೆ ಹೊಂಡ್ತೇನವ್ವಾ" ಅಂದ. ಊರಿಗೆಲ್ಲ ಸೂಜಿ ಚುಚ್ಚುವ ನರ್ಸಮ್ಮ ನಾನು, ಅಂದು ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದೆ. ಕಾಲು ಉಳಿಯುತ್ತದೋ ಜೀವ ಉಳಿಯುತ್ತದೋ ಎಂದು ಹೇಳುವವರಿರಲಿಲ್ಲ. ಚಹಾ ಕುಡಿ ಎನ್ನುವವರೂ ಇರಲಿಲ್ಲ. ಎರಡೂ ಉಳಿದ ಮೇಲೆ ಅಣ್ಣ ಬಂದ, ರೊಟ್ಟಿ ಗಂಟು ಹೊತ್ತುಕೊಂಡು. ನಾನು ಬಟ್ಟೆ ಒಯ್ಯಲು ಮನೆಗೆ ಬಂದಿದ್ದೆ. ಅವನ ಮುಖದ ಮೇಲೆಯೇ ಬಾಗಿಲು ಹಾಕಿದೆ. ಗಂಟನ್ನು ಕಟ್ಟೆಯ ಮೇಲಿಟ್ಟು ಹೋದ. ರೊಟ್ಟಿ ಕಲ್ಮೇಶರು ತಿಂದರು, ನಾನು ಮುಟ್ಟಲಿಲ್ಲ. ಅಂದಿನಿಂದ ಮಾತಿಲ್ಲ.

ಪಂಚಾಂಗ ನೋಡಿ ಪ್ರೀತಿ ಮಾಡುವವರ ಸಹವಾಸ ನನಗೆ ಸಾಕಾಗಿದೆ. ಆ ಮೂರನೆಯವರನ್ನು ಬಿಡು. ನೀನೂ ಮುಬಿನೂ ಬನ್ನಿ. ಅಥವಾ ನಿನಗೇ ಬರುವ ಮನಸ್ಸಿಲ್ಲದೆ ಯಾರದೋ ನೆವ ಹೇಳುತ್ತಿದ್ದರೆ ನೇರವಾಗಿ ಹೇಳು.

ರೇಣುಕಾ


ಸಿಂದಗಿ
೮ ಡಿಸೆಂಬರ್ ೨೦೨೫

ರೇಣಿ,

ಉತ್ತರ ತಡವಾಯಿತು. ನಾಲ್ಕನೆಯ ತಾರೀಖೂ ಹೋಯಿತು, ಹನ್ನೆರಡೂ ಹೋದ ಹಾಗೆಯೇ. ಮನಸ್ಸಿಲ್ಲ ಎಂದು ಬರೆದೆಯಲ್ಲ, ಆ ಸಾಲನ್ನು ಓದಿ ಎರಡು ದಿನ ನಿನ್ನ ಮೇಲೆ ಸಿಟ್ಟಿನಲ್ಲಿದ್ದೆ. ಮನಸ್ಸಿಲ್ಲದವಳು ಹರಗೋಲಿನಲ್ಲಿ ಕೂರುತ್ತಾಳೆಯೇ? ಕೇಳು.

ಕಳೆದ ಭಾನುವಾರ ಮೂವರೂ ಮುದ್ದೇಬಿಹಾಳದ ಕಡೆ ಕೃಷ್ಣೆಯ ಹಿನ್ನೀರಿಗೆ ಹೋಗಿದ್ದೆವು. ಕಯಾಕ್ ನಮಗೆಲ್ಲಿ ಸಿಗಬೇಕು, ಮುಬಿನ ಪರಿಚಯದ ಮೀನುಗಾರರ ಹರಗೋಲು ಕೇಳಿಟ್ಟಿದ್ದಳು. ನಾನು ಈ ಕಡೆ ಹುಟ್ಟು ಹಾಕಿದೆ, ಅವಳು ಆ ಕಡೆ. ಹರಗೋಲು ಬೀಸುವ ಕಲ್ಲಿನ ಹಾಗೆ ನಿಂತಲ್ಲೇ ಗರಗರ ತಿರುಗಿತು. ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒಗೆಯುವುದನ್ನು ಬಿಟ್ಟು ನಕ್ಕರು. ಮುಬಿನಳಿಗೆ ತಲೆ ತಿರುಗಿ ವಾಂತಿ. ಮೂರನೆಯವರೇ ಕೊನೆಗೆ ಹುಟ್ಟು ಕಸಿದುಕೊಂಡು ದಂಡೆ ಮುಟ್ಟಿಸಿದರು. "ಹೆದರಬ್ಯಾಡ್ರಿ ಬಾಯಾರ, ನೀರಿಗೆ ಹೆದರಿದ್ರ ಅದು ಮತ್ತಿಷ್ಟು ಹೆದರಸ್ತೈತಿ. ನಮ್ಮ ತಂಗೀಗೂ ಹಿಂಗ ಹೇಳಿ, ಸೊಂಟಕ್ಕ ಹಗ್ಗಾ ಕಟ್ಟಿ, ಬಾವ್ಯಾಗ ಈಜ ಕಲಿಸೇನಿ" ಅಂದರು. ಇಂಥವರನ್ನು ಬಿಟ್ಟು ಬಾ ಅಂದರೆ ಹೇಗೆ? ನನ್ನಿಂದ ಆಗದು.

ಅವರೂ ಒಂದು ದಾರಿ ಹುಡುಕಿದ್ದಾರೆ. ನಿಮ್ಮವರಲ್ಲಿ ಪ್ರಸ್ಥಾನ ಇಡುವ ಪದ್ಧತಿ ಇದೆಯಂತಲ್ಲ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೂ ಮೊದಲು ಒಳ್ಳೆಯ ದಿನ ನೋಡಿ ಒಂದು ಚೀಲವನ್ನು ಪಕ್ಕದವರ ಮನೆಯಲ್ಲಿಟ್ಟರೆ ಅಂದೇ ಹೊರಟ ಲೆಕ್ಕ. ಚೀಲವನ್ನು ನಮ್ಮ ಮನೆಯಲ್ಲಿ ಇಡುತ್ತಾರಂತೆ. ಹಾಗಾದರೆ ಜನವರಿ ಹತ್ತಕ್ಕೆ ಹೊರಡಬಹುದು. ನಾನೇ ಕ್ಯಾಲೆಂಡರ್ ನೋಡಿದೆ. ಅಂದು ಎರಡನೇ ಶನಿವಾರವೂ ಹೌದು, ಅಷ್ಟಮಿಯೂ ಹೌದು. ಹನ್ನೊಂದಕ್ಕೆ ನಿನ್ನ ಸಣ್ಣ ನೀರು. ಈಗಲಾದರೂ ಒಪ್ಪು.

ಅಬಿದಾ


ಕುಮಟಾ
೧೫ ಡಿಸೆಂಬರ್ ೨೦೨೫

ಅಬಿದಾ,

ಸೊಂಟಕ್ಕೆ ಹಗ್ಗ ಕಟ್ಟಿ ತಂಗಿಗೆ ಬಾವಿಯಲ್ಲಿ ಈಜು ಕಲಿಸಿದ ಆ ಮೂರನೆಯವರ ಹೆಸರು ಬರೆ.

ರೇಣುಕಾ


ಸಿಂದಗಿ
೨೧ ಡಿಸೆಂಬರ್ ೨೦೨೫

ರೇಣಿ,

ಹೌದು. ಮಾಳಿಂಗಪ್ಪ ಅಣ್ಣಾರು.

ಹೇಳಿದ್ದರೆ ನೀನು ಮೊದಲ ಕಾಗದಕ್ಕೇ ಬರಬೇಡ ಎಂದು ಬರೆಯುತ್ತಿದ್ದೆ. ಅದಕ್ಕೇ ಹೇಳಲಿಲ್ಲ. ದೋಣಿಯಲ್ಲಿ ಕೂತ ಮೇಲೆ ಇಬ್ಬರೂ ಎದ್ದು ಹೋಗಲಾರಿರಿ, ಆಗ ಮಾತು ತಾನೇ ಹುಟ್ಟುತ್ತದೆ ಎಂದು ನನ್ನ ಲೆಕ್ಕವಾಗಿತ್ತು. ನೀರಿನ ಲೆಕ್ಕದ ಹಾಗೆ ಇದನ್ನೂ ತಪ್ಪು ಹಾಕಿದೆ.

ಅವರು ಪಾಳಿ ಕೇಳುವ ನೆವದಿಂದ ಆಫೀಸಿಗೆ ಬರುತ್ತಾರೆ. ಪಾಳಿಯ ಮಾತು ಬೇಗ ಮುಗಿಯುತ್ತದೆ. ಆಮೇಲೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, "ನಿಮ್ಮ ಗೆಳತಿ ಹೆಂಗದಾಳ್ರಿ?" ಎಂದು ಕೇಳುತ್ತಾರೆ. "ನಮ್ಮ ತಂಗಿ" ಎನ್ನಲು ಬಾಯಿ ಬರುವುದಿಲ್ಲ ಅವರಿಗೆ. ನಾನು ಕುಮಟಾಕ್ಕೆ ಹೋಗುವ ಮಾತೆತ್ತಿದಾಗ, "ನಾನೂ ಬರ್ಲೇನ್ರಿ?" ಎಂದು ಸಣ್ಣವರ ಹಾಗೆ ಕೇಳಿದರು.

ಮೊನ್ನೆ ಎಳ್ಳ ಅಮಾವಾಸ್ಯೆಗೆ ಅವರ ಹೊಲಕ್ಕೆ ಕರೆದಿದ್ದರು. ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ, ಸಜ್ಜೆ ರೊಟ್ಟಿ ಉಂಡು ಬನ್ನಿಯ ಗಿಡದ ನೆರಳಿಗೆ ಕೂತಾಗ ನೇರವಾಗಿಯೇ ಕೇಳಿದೆ, ಅಂದು ಯಾಕೆ ಹೋಗಲಿಲ್ಲ ಎಂದು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಬಾಯಾರ, ನನ್ನ ಸಲುವಾಗಿ ಹೆದರಿ ಕುಂತಿದ್ದಿಲ್ಲ. ಅಷ್ಟಮಿಗೆ ಹೊಸ್ತಿಲಾ ದಾಟಿ ಹ್ವಾದ್ರ, ಹೋದ ಮನಿಗೆ ಕೇಡ ಅಂತ ನಮ್ಮವ್ವ ಹೇಳ್ತಿದ್ಲು. ಅಳಿಯಾಂವ ಸಾವು-ಬದುಕಿನ ನಡುವ ಮಲಗಿದ್ದ. ನನ್ನ ಕಾಲಗುಣಕ್ಕ ಏನರ ಆಗಿದ್ರ, ಆಕೀ ಕುಂಕಮಾ ನಾನ ಅಳಿಸಿದಂಗ ಆಗತಿತ್ತಲ್ರಿ?" ಅಂದರು.

ನಂಬಿಕೆ ಸರಿಯೋ ತಪ್ಪೋ, ಆ ಪಂಚಾಯಿತಿ ನನಗೆ ಬೇಡ. ಆದರೆ ನಿನ್ನ ಮೇಲಿನ ಪ್ರೀತಿ ಕಡಿಮೆಯಾಗಿ ಅವರು ಕೂತಿರಲಿಲ್ಲ ರೇಣಿ. ಚೀಲವನ್ನು ಜನವರಿ ಏಳಕ್ಕೆ ನಮ್ಮ ಮನೆಯಲ್ಲಿ ಇಡುತ್ತಾರೆ.

ಅಬಿದಾ


ಕುಮಟಾ
೧ ಜನವರಿ ೨೦೨೬

ಅಬಿದಾ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಕಲ್ಮೇಶರು ಓದಿ ಕಣ್ಣೊರೆಸಿಕೊಂಡರು. ಅವರಿಗೇನು, ಕಂಬದಿಂದ ಬಿದ್ದವರೂ ಅವರೇ, ರೊಟ್ಟಿ ತಿಂದವರೂ ಅವರೇ. ಬೆಂಚಿನ ಮೇಲೆ ಕೂತವಳು ನಾನು.

ನೀನು ಗುಟ್ಟಾಗಿ ನಡೆಸಿದ ಕಾರಭಾರಕ್ಕೆ ನಿನಗೆ ಬೇರೆಯಾಗಿ ಬೈಯುತ್ತೇನೆ, ಎದುರಿಗೆ. ಈಗ ಅಣ್ಣನಿಗೆ ಒಂದು ಮಾತು ಮುಟ್ಟಿಸು. ದೋಣಿ ವಿಹಾರಕ್ಕೆ ಬರಲು ಪ್ರಸ್ಥಾನದ ದಾರಿ ಹೊಳೆಯಿತಲ್ಲ, ಅಂದು ಯಾಕೆ ಹೊಳೆಯಲಿಲ್ಲ? ಹಿಂದಿನ ದಿನ ಚೀಲ ಇಡಲು ಕಂಬದಿಂದ ಬೀಳುವವರು ಮೊದಲೇ ಹೇಳಿ ಬೀಳಬೇಕಿತ್ತೇ? ಹೆದರಿದ್ದನಂತೆ. ನಾನೂ ಹೆದರಿದ್ದೆ. ಹೆದರಿದವರು ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದರೆ ನನಗೆ ಅಷ್ಟೇ ಸಾಕಿತ್ತು. ಅವನಿಗೆ ಇದು ಇಂದಿಗೂ ತಿಳಿಯಲಿಲ್ಲವಲ್ಲ ಎಂದು ತಲೆ ಚಚ್ಚಿಕೊಳ್ಳುವಂತಾಗುತ್ತದೆ.

ಚೀಲವನ್ನು ಮುಂದೆ ಕಳಿಸಿ, ಅಷ್ಟಮಿಯ ಕಣ್ಣಿಗೆ ಮಣ್ಣೆರಚಿ, ಅದರ ಹಿಂದೆ ಅಡಗಿಕೊಂಡು ಬರುವ ಅಣ್ಣ ನನಗೆ ಬೇಡ. ಹಾಗೆ ಬರುವುದಾದರೆ ಬರುವುದೇ ಬೇಡ.

ನೀನೂ ಮುಬಿನೂ ಬನ್ನಿ. ಸೈಕಲ್ ಆಸ್ಪತ್ರೆಯವರಿಂದ ಕೇಳಿ ಇಟ್ಟಿದ್ದೇನೆ. ಸೀಟು ಮೆತ್ತಗಿಲ್ಲ, ಆಮೇಲೆ ಗೊಣಗಬೇಡಿ. ತೇಲುವ ಜಾಕೀಟು ಎಲ್ಲರೂ ಹಾಕಲೇಬೇಕು, ಸೀರೆ ಉಟ್ಟು ಬರಬೇಡಿ. ಕಯಾಕ್ ಎರಡು ಹೇಳಿದ್ದೇನೆ, ಒಂದರಲ್ಲಿ ಇಬ್ಬರು. ಕಲ್ಮೇಶರು ಕಾಲಿನ ಸಲುವಾಗಿ ದೋಣಿ ಹತ್ತುವುದಿಲ್ಲ. ನೀನು ಲೆಕ್ಕ ಹಾಕುತ್ತ ಕೂರಬೇಡ, ನಿನ್ನ ಲೆಕ್ಕ ಯಾವುದೂ ಸರಿ ಬರುವುದಿಲ್ಲ.

ರೇಣುಕಾ


ಹುಬ್ಬಳ್ಳಿ ಬಸ್ ನಿಲ್ದಾಣ
೧೦ ಜನವರಿ ೨೦೨೬, ಸಂಜೆ

ರೇಣಿ,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಬೆಳಿಗ್ಗೆ ನಿನ್ನ ಬಾಗಿಲ ಸಂದಿಯಿಂದ ಒಳಗೆ ತಳ್ಳುತ್ತೇನೆ. ಇದನ್ನು ಓದಿದ ಮೇಲೆ ತೆರೆಯುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ನೀನು ಬೇಡ ಎಂದರೂ ಲೆಕ್ಕ ಹಾಕಿದೆ. ಎರಡು ಕಯಾಕ್, ಒಂದರಲ್ಲಿ ಇಬ್ಬರು. ನೀನು, ನಾನು, ಮುಬಿನ. ಕಲ್ಮೇಶರು ಹತ್ತುವುದಿಲ್ಲ. ಒಂದು ಜಾಗ ಖಾಲಿ. ನನ್ನ ಲೆಕ್ಕ ಈ ಒಂದು ಸಲ ಸರಿಯಿದೆ ಎಂದುಕೊಂಡು ನಿನ್ನ ಕಾಗದವನ್ನು ಅಣ್ಣಾರಿಗೆ ಪೂರ್ತಿ ಓದಿ ಹೇಳಿದೆ, ಒಂದು ಬೈಗುಳವನ್ನೂ ಬಿಡದೆ. ಅಷ್ಟೊತ್ತಿಗೆ ಅವರ ಚೀಲ ನಮ್ಮ ಅಡುಗೆಮನೆಯ ಮೂಲೆಗೆ ಬಂದು ಕೂತಿತ್ತು. ಅವರು ಟೋಪಿ ಹಾಕಿಕೊಂಡು ಹೋದರು. ಬರುವುದಿಲ್ಲ ಎಂದೇ ತಿಳಿದೆ.

ಇವತ್ತು ಬೆಳಕು ಹರಿಯುತ್ತಲೇ ಸೈಕಲ್ ಗಂಟೆ ಕೇಳಿತು. ಅಣ್ಣಾರು. ಒಳಗೆ ಬಂದು ಚೀಲ ಎತ್ತಿಕೊಂಡರು. ಹೋಗೋಣ ಎಂದು ನಾನು ಚಪ್ಪಲಿ ಹುಡುಕಿದರೆ, ಅವರು ಚೀಲವನ್ನು ಸೈಕಲಿಗೆ ಕಟ್ಟಿ ಮತ್ತೆ ತಮ್ಮೂರ ಕಡೆ ತಿರುಗಿಸಿದರು! "ಎಲ್ಲಿಗ್ರಿ? ಬಸ್ಸು ಹೋಗತೈತಿ!" ಎಂದು ಕೂಗಿದೆ. "ಪ್ರಸ್ಥಾನ ತಿರಗಿ ಮನಿಗೆ ಒಯ್ತೇನ್ರಿ. ಮನಿಯಿಂದನ ಹೊಂಡ್ತೇನಿ" ಅಂದರು. ಈಗಿನ್ನೂ ಸಪ್ತಮಿ ಇದೆ, ಈಗಲೇ ಹೊರಟರೆ ಅಷ್ಟಮಿಯ ತಂಟೆಯೇ ಇಲ್ಲ ಎಂದು ನನ್ನ ಜಾಣತನ ತೋರಿಸಿದೆ. ಸೈಕಲ್ ಮೇಲೆ ಕೂತೇ ಹೇಳಿದರು, "ಅಲ್ರಿ ಬಾಯಾರ, ಅಷ್ಟಮಿ ಹತ್ತಲಿ. ಹತ್ತಿದ ಮ್ಯಾಲೆ ಹೊಸ್ತಿಲಾ ದಾಟತೇನಿ. ಆಕೀ ಕರದದ್ದು ಅಷ್ಟಮಿಗೆ."

ಮುಬಿನಳೂ ನಾನೂ ಸಿಂದಗಿಯ ಬಸ್ ನಿಲ್ದಾಣದಲ್ಲಿ ಗಂಟುಮೂಟೆ ಇಟ್ಟುಕೊಂಡು ಅಷ್ಟಮಿ ಹತ್ತುವುದನ್ನು ಕಾಯುತ್ತ ಕೂತೆವು. ಒಂದು ಬಸ್ಸು ಹೋಯಿತು, ಇನ್ನೊಂದೂ ಹೋಯಿತು. ನಿಮ್ಮ ಮನೆತನಕ್ಕೆ ನಾನು ಹಾಕಿದ ಶಾಪಕ್ಕೆ ಮಿತಿಯಿಲ್ಲ. ತಂಗಿ ಅಷ್ಟಮಿಗೇ ಬಾ ಅನ್ನುವವಳು, ಅಣ್ಣ ಬೇಡ ಅನ್ನುವವರು, ಕೊನೆಗೆ ಇಬ್ಬರೂ ಅಷ್ಟಮಿಗಾಗಿ ಕಾಯುವವರು, ನಡುವೆ ಬಿಸಿಲಿಗೆ ಒಣಗುವವರು ನಾವು! ಬಿಸಿಲೇರಿದ ಮೇಲೆ ಅಣ್ಣಾರು ಬಂದರು. ತಲೆಯ ಮೇಲೆ ರುಮಾಲು, ಕೈಯಲ್ಲಿ ರೊಟ್ಟಿ ಗಂಟು. ಮುಖ ಬಿಳಿಚಿತ್ತು. ದಾರಿಯುದ್ದಕ್ಕೂ ಕಲ್ಮೇಶರಿಗೆ ಫೋನ್ ಮಾಡಿಸಿ, ಅವರು ಆರಾಮಿದ್ದಾರೋ ಇಲ್ಲವೋ ಎಂದು ಕೇಳಿಸುತ್ತಲೇ ಇದ್ದಾರೆ. ಇವತ್ತು ನಿಮ್ಮವರ ಫೋನು ಹೊಡೆದುಕೊಂಡದ್ದಕ್ಕೆಲ್ಲ ಇದೇ ಕಾರಣ. ಕಲ್ಮೇಶರು ನಿನಗೆ ಹೇಳಬಾರದೆಂದು ನಾನೇ ಆಣೆ ಹಾಕಿಸಿದ್ದೆ.

ಈಗ ನೀನು ಓದುತ್ತಿರುವಾಗ ಅಣ್ಣಾರು ಕಟ್ಟೆಯ ಮೇಲೆ ನಿಂತಿರುತ್ತಾರೆ. ಬಾಗಿಲು ಬಡಿಯುವುದಿಲ್ಲವಂತೆ. ಅಂದು ಮುಚ್ಚಿದವಳೇ ತೆರೆಯಲಿ ಅನ್ನುತ್ತಾರೆ.

ಅಬಿದಾ


ಇದೇ ಕಾಗದದ ಹಿಂಬದಿ
ಕುಮಟಾ, ೧೧ ಜನವರಿ ೨೦೨೬

ಅಬಿದಾ,

ಅವನಿಗಂತೂ ಬುದ್ಧಿಯಿಲ್ಲ, ನಿನಗಾದರೂ ಇರಬೇಡವೇ? ಬಾಗಿಲಿಗೆ ಚಿಲಕ ಹಾಕಿಲ್ಲ. ನಿನ್ನೆ ಅಷ್ಟಮಿ ಹತ್ತಿದಾಗಿನಿಂದ ಹಾಕಿಲ್ಲ, ರಾತ್ರಿಯೂ ಹಾಕಲಿಲ್ಲ. ನೂಕಿದರೆ ತೆರೆಯುತ್ತದೆ ಎನ್ನುವುದನ್ನೂ ನಾನೇ ಬರೆದು ತಿಳಿಸಬೇಕೇ?

ನೂಕು ಅನ್ನು ಅಣ್ಣನಿಗೆ. ನಾನು ಚಹಾಕ್ಕೆ ನೀರು ಇಡುತ್ತೇನೆ.

ರೇಣಿ